ಅನಾವೃಷ್ಟಿಯೂ ನಮ್ಮ ಕೆರೆಗಳೂ

ಶಾಲೆಯ ಸ್ಮರಣಸಂಚಿಕೆಯಲ್ಲಿ ಹೆಣ್ಣುಮಕ್ಕಳ ವಿದ್ಯಾಭ್ಯಾಸವನ್ನು ಕುರಿತು ಬರೆಯುವುದು ವಾಡಿಕೆಯಾಗಿರುತ್ತದೆ. ನಾವು ಈ ಸಲ ನೀರನ್ನು ಕುರಿತು ಬರೆಯಲು ಮನಸ್ಸು ಮಾಡಿದ್ದೇವೆ. ಶಾಲೆಗೂ ಕೆರೆಗೂ ಏನು ಸಂಬಂಧವೆಂದು ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ಕೇಳಬಹುದು. ಅಂಥವರು ದಯವಿಟ್ಟು ನಮ್ಮ ಹಾಜರಿ ಪುಸ್ತಕಗಳನ್ನು ತೆರೆದು ನೋಡಬೇಕು. ಮಳೆ ಹೋದ ವರ್ಷಗಳಲ್ಲಿ ಶಿವರಾತ್ರಿ ಸಮೀಪಿಸುತ್ತಲೇ, ಕುಂದಾಣದ ಸುತ್ತಣ ಹಳ್ಳಿಗಳಿಂದ ಬರುವ ಬಾಲಿಕೆಯರ ಹೆಸರುಗಳ ಮುಂದೆ ಗೈರುಹಾಜರಿಯ ಗುರುತುಗಳು ಹೆಚ್ಚುತ್ತ ಹೋಗುತ್ತವೆ. ಜ್ವರವೆಂದೋ ಹೊಟ್ಟೆನೋವೆಂದೋ ಮನೆಯಿಂದ ಚೀಟಿ ಬರುತ್ತದೆ. ವಿಚಾರಿಸಿದರೆ, ಊರಿಗೆ ನೀರಿನ ಟ್ಯಾಂಕರು ಬರುವ ಹೊತ್ತೂ ಶಾಲೆಯ ಗಂಟೆ ಹೊಡೆಯುವ ಹೊತ್ತೂ ಒಂದೇ ಆಗಿರುತ್ತದೆ. ತಾಯಿಯು ಕೂಲಿಗೆ ಹೋಗತಕ್ಕವಳು, ತಮ್ಮನು ಚಿಕ್ಕವನು, ಅಣ್ಣನಿಗೆ ಪರೀಕ್ಷೆ. ಬಿಂದಿಗೆಗಳ ಸಾಲಿನಲ್ಲಿ ನಿಲ್ಲತಕ್ಕವಳು ಮಗಳೇ. ಅವಳಿಗೂ ಪರೀಕ್ಷೆಯುಂಟೆಂಬುದು ಯಾರಿಗೂ ತಟ್ಟನೆ ಹೊಳೆಯುವುದಿಲ್ಲ.

ಆದಕಾರಣ ಈ ವಿಷಯವು ನಮ್ಮದೇ ಆಗಿರುತ್ತದೆ.

ನಮ್ಮ ಕುಂದಾಣವು ಈಗ ದೇವನಹಳ್ಳಿ ತಾಲ್ಲೂಕಿನ ಒಂದು ಹೋಬಳಿಯ ಊರು. ಹದಿಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ಇದು ರಾಜಧಾನಿಯಾಗಿತ್ತೆಂಬುದನ್ನು ಚರಿತ್ರೆಯ ಪಾಠ ಕೇಳಿದವರು ಮರೆತಿರಲಾರರು. ಹೊಯ್ಸಳ ಸೋಮೇಶ್ವರನ ರಾಜ್ಯವು ಮಕ್ಕಳಿಬ್ಬರಲ್ಲಿ ಹಂಚಿಹೋದಾಗ ದಕ್ಷಿಣದ ಭಾಗವನ್ನು ಪಡೆದ ರಾಮನಾಥನು, ಕಾವೇರಿಯ ಸಮೀಪದ ಕಣ್ಣಾನೂರು ಪಾಂಡ್ಯರ ಪಾಲಾದ ಮೇಲೆ, ಇಲ್ಲಿಗೆ ಬಂದು ನೆಲೆಸಿದನು. ಕಾವೇರಿಯನ್ನು ಬಿಟ್ಟು ಬಂದ ಅರಸನಿಗೆ ಈ ಸೀಮೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯೊಂದೂ ದೊರೆಯಲಿಲ್ಲ. ನಂದಿಯ ಬೆಟ್ಟಗಳ ಕಡೆಯಿಂದ ಅರ್ಕಾವತಿಯು ದೊಡ್ಡಬಳ್ಳಾಪುರದ ಕಡೆಗೂ, ದಕ್ಷಿಣ ಪಿನಾಕಿನಿಯು ದೇವನಹಳ್ಳಿ ಹೊಸಕೋಟೆಗಳ ಕಡೆಗೂ ಇಳಿಯುತ್ತವೆಯಾದರೂ, ಇವು ಮಳೆ ಬಿದ್ದರೆ ಹೊಳೆ, ಇಲ್ಲವಾದರೆ ಮರಳು. ಹೀಗಿದ್ದರೂ ಇಲ್ಲಿ ಜನರು ಬದುಕಿದರು, ರಾಗಿ ಬೆಳೆದರು, ಕೆರೆಯ ಕೆಳಗೆ ಭತ್ತವನ್ನೂ ಬೆಳೆದರು. ಹೇಗಂದರೆ, ಬಿದ್ದ ಮಳೆಯನ್ನು ಹರಿದುಹೋಗಗೊಡದೆ ತಡೆದು ನಿಲ್ಲಿಸಿಕೊಂಡರು.

ಈ ತಡೆಯುವ ವಿದ್ಯೆಯನ್ನು ನಮ್ಮ ಓದುಗರಲ್ಲಿ ಹಿರಿಯರಾದವರು ಕಣ್ಣಾರೆ ಕಂಡವರೇ ಸರಿ. ಮೇಲಣ ಊರಿನ ಕೆರೆ ತುಂಬಿ ಕೋಡಿ ಬಿದ್ದರೆ ಆ ನೀರು ಕಾಲುವೆ ಹಿಡಿದು ಕೆಳಗಣ ಊರಿನ ಕೆರೆಗೆ. ಅದು ತುಂಬಿದರೆ ಇನ್ನೂ ಕೆಳಗಿನದಕ್ಕೆ. ನಡುನಡುವೆ ದನಗಳಿಗೆ ಗೋಕಟ್ಟೆ, ಹೊಲದಂಚಿನಲ್ಲಿ ಕುಂಟೆ, ದೇವಸ್ಥಾನದ ಮುಂದೆ ಕಲ್ಯಾಣಿ. ಕೆರೆಯಲ್ಲಿ ನೀರು ನಿಂತಿರುವವರೆಗೆ ಏರಿಯ ಕೆಳಗಿನ ತೆರೆದ ಬಾವಿಗಳಲ್ಲಿ ಕಪಿಲೆ ಹೊಡೆಯುವಷ್ಟು ನೀರು ಇದ್ದೇ ಇರುತ್ತಿತ್ತು. ಮೈಸೂರು ಸಂಸ್ಥಾನದಲ್ಲಿ ಇಂತಹ ಕೆರೆಗಳು ಸುಮಾರು ೩೮,೦೦೦ ಇದ್ದುವೆಂದು ಹತ್ತೊಂಬತ್ತನೆಯ ಶತಮಾನದ ಲೆಕ್ಕ. ಆ ಕಾಲದಲ್ಲಿ ಇಲ್ಲಿ ಎಂಜಿನಿಯರಾಗಿದ್ದ ಸ್ಯಾಂಕಿಯವರು (ಬೆಂಗಳೂರಿನ ಸ್ಯಾಂಕಿ ಕೆರೆಗೆ ಇವರದೇ ಹೆಸರು) ಈ ನಾಡಿನಲ್ಲಿ ಹೊಸದೊಂದು ಕೆರೆಗೆ ಸ್ಥಳವನ್ನು ಹುಡುಕುವುದೇ ದುಸ್ತರವೆಂಬ ಅರ್ಥದ ಮಾತನ್ನು ಬರೆದಿಟ್ಟಿದ್ದಾರೆ.

ಕೆರೆಯನ್ನು ಕಟ್ಟಿಸುವುದು ಒಂದು ಪುಣ್ಯಕಾರ್ಯವೆಂದು ಶಾಸನಗಳು ಹೊಗಳುತ್ತವೆ. ನಮಗೆ ಅದಕ್ಕಿಂತಲೂ ಹೆಚ್ಚು ಮನಸ್ಸಿಗೆ ಹಿಡಿಸುವುದು ಆ ಶಾಸನಗಳಲ್ಲಿಯೇ ಬರುವ ಇನ್ನೊಂದು ಸಂಗತಿ. ಕಟ್ಟಿಸಿದ ಕೆರೆಯನ್ನು ಕಾಪಾಡುವುದಕ್ಕಾಗಿ ಭೂಮಿಯನ್ನು ಬಿಡುತ್ತಿದ್ದರು. ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳು ಇಂತಹ ಏರ್ಪಾಡುಗಳವು. ಹೂಳೆತ್ತುವ ಬಂಡಿಗಳ ಖರ್ಚಿಗೂ ದತ್ತಿಗಳಿದ್ದುವು. ತೂಬನ್ನು ಎಷ್ಟು ಎತ್ತಬೇಕು, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಬಿಡಬೇಕು ಎಂಬುದನ್ನು ನೋಡಿಕೊಳ್ಳುವುದಕ್ಕೆ ಊರಿಗೊಬ್ಬ ನೀರುಗಂಟಿ. ಬೇಸಗೆಯಲ್ಲಿ ಕೆರೆಯ ಅಂಗಳದ ಗೋಡುಮಣ್ಣನ್ನು ರೈತರು ಗಾಡಿಗಳಲ್ಲಿ ಹೊತ್ತು ಹೊಲಗಳಿಗೆ ಹಾಕುತ್ತಿದ್ದರು. ಹೊಲಕ್ಕೆ ಗೊಬ್ಬರವಾಯಿತು, ಕೆರೆಗೆ ಆಳವೂ ಆಯಿತು. ಕಟ್ಟುವವನಿಗೆ ಕೀರ್ತಿ ಎಲ್ಲ ಕಾಲದಲ್ಲಿಯೂ ಉಂಟು. ಕಾಯುವವನಿಗೆ ಅನ್ನವನ್ನು ನಿಗದಿ ಮಾಡಿದ್ದು ದೊಡ್ಡ ಬುದ್ಧಿ.

ಇಷ್ಟು ಹೇಳಿದ ಮಾತ್ರಕ್ಕೆ ಹಿಂದಿನದೆಲ್ಲವೂ ಧರ್ಮವಾಗಿತ್ತೆಂದು ನಾವು ಸಾರುತ್ತಿದ್ದೇವೆಂದು ಯಾರೂ ತಿಳಿಯಕೂಡದು. ಊರ ಬಾವಿಯ ಹಗ್ಗವನ್ನು ಎಲ್ಲರೂ ಮುಟ್ಟುವಂತಿರಲಿಲ್ಲ. ಗದ್ದೆಗೆ ನೀರು ಹಾಯಿಸುವ ನೀರುಗಂಟಿಯೇ ಅನೇಕ ಊರುಗಳಲ್ಲಿ ಬಾವಿಯ ಕಟ್ಟೆಯನ್ನು ಹತ್ತಲಾಗದ ಜಾತಿಯವನಾಗಿದ್ದನು. ೧೯೨೭ರಲ್ಲಿ ಡಾಕ್ಟರ್ ಅಂಬೇಡ್ಕರರು ಮಹಾಡಿನ ಚವದಾರ ಕೆರೆಗೆ ಇಳಿದು ಒಂದು ಬೊಗಸೆ ನೀರು ಕುಡಿಯುವುದಕ್ಕೆ ಸಾವಿರಾರು ಜನರ ಸತ್ಯಾಗ್ರಹ ಬೇಕಾಯಿತು. ನಮ್ಮ ಹಳೆಯ ವಿದ್ಯಾರ್ಥಿನಿಯರ ಅಜ್ಜಿಯರಲ್ಲಿ ಕೆಲವರು, ಯಾರಾದರೂ ಕರುಣೆಯಿಂದ ಸೇದಿ ಹೊಯ್ಯುವರೆಂದು ಬಾವಿಯ ದೂರದಲ್ಲಿ ಬಿಂದಿಗೆಯಿಟ್ಟುಕೊಂಡು ಕಾದು ನಿಂತವರೇ. ಇಂತಹವರ ಮನೆಯ ಬಾಗಿಲಿಗೆ ಕೊಳಾಯಿ ಬಂದಿರುವುದು ಸಾಮಾನ್ಯವಾದ ಲಾಭವಲ್ಲ. ಅದನ್ನು ಹೀಗಳೆದು ಹಳೆಯ ಕಾಲವನ್ನು ಹಾಡಿ ಹೊಗಳುವ ಮನಸ್ಸು ನಮಗಿಲ್ಲ.

ಕೆರೆಗಳಿದ್ದ ಮಾತ್ರಕ್ಕೆ ಬರವು ಬಾರದೆಂದೂ ಅಲ್ಲ. ೧೮೭೬ರಿಂದ ೧೮೭೮ರವರೆಗೆ, ಧಾತು ಈಶ್ವರ ಸಂವತ್ಸರಗಳಲ್ಲಿ, ಮಳೆಯು ಮೇಲಿಂದ ಮೇಲೆ ಕೈಕೊಟ್ಟಾಗ ಕೆರೆಗಳೂ ಬತ್ತಿದುವು. ೧೮೭೧ರ ಜನಗಣತಿಯಲ್ಲಿ ೫೦ ಲಕ್ಷಕ್ಕೆ ಮೇಲ್ಪಟ್ಟಿದ್ದ ಮೈಸೂರು ಸಂಸ್ಥಾನದ ಪ್ರಜೆಗಳು ೧೮೮೧ರ ಗಣತಿಗೆ ೪೨ ಲಕ್ಷಕ್ಕಿಂತಲೂ ಕೆಳಗೆ ಇಳಿದಿದ್ದರು. ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ಮಿಷನುಗಳವರು ಆಗ ಅನಾಥಾಲಯಗಳನ್ನು ತೆರೆದರು. ನಮ್ಮ ನಾಡಿನಲ್ಲಿ ಹೆಣ್ಣುಮಕ್ಕಳು ಮೊದಮೊದಲು ಅಕ್ಷರ ಕಲಿತ ತಾಣಗಳಲ್ಲಿ ಅವೂ ಕೆಲವು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ರೈಲುಹಾದಿಯ ಕೆಲಸವು ಆ ಬರದಲ್ಲಿ ಹಸಿದವರಿಗೆ ಕೂಲಿ ಕೊಡುವುದಕ್ಕಾಗಿ ಕೈಗೊಂಡದ್ದು. ಅಂತಹ ಸಾವು ಈಗ ಬರಲಾರದು. ಸರಕಾರದ ಪಡಿತರವುಂಟು, ರೈಲುಂಟು, ಲಾರಿಯುಂಟು. ಆದರೆ ಹೊರಗಿನಿಂದ ಅಕ್ಕಿಯನ್ನು ತರಬಹುದಾದಷ್ಟು ಸುಲಭವಾಗಿ ನೀರನ್ನು ತರಲಾಗದು. ೨೦೧೯ರಲ್ಲಿ ಮದರಾಸಿನ ಕೆರೆಗಳು ಬತ್ತಿ, ಈಗ ಚೆನ್ನೈಯೆನ್ನುವ ಆ ಮಹಾನಗರಕ್ಕೆ ಜೋಲಾರಪೇಟೆಯಿಂದ ರೈಲಿನಲ್ಲಿ ನೀರು ಸಾಗಿಸಿದ್ದನ್ನು ಓದುಗರು ಬಲ್ಲರು.

ಈಗ ನಮ್ಮ ಮುಖ್ಯವಾದ ಅಭಿಪ್ರಾಯವನ್ನು ಹೇಳುತ್ತೇವೆ. ಕೆರೆ ಹೋಗಿ ಕೊಳವೆಬಾವಿ ಬಂದಾಗ ಸಂಭವಿಸಿದ ದೊಡ್ಡ ಹಾನಿಯು ನೀರು ಕೆಳಗಿಳಿದದ್ದು ಮಾತ್ರವಲ್ಲ. ಊರಿನದಾಗಿದ್ದ ನೀರು ಒಬ್ಬೊಬ್ಬನದಾಯಿತು. ಕೆರೆಯ ನೀರು ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಎಷ್ಟು ಮೆಟ್ಟಿಲು ಇಳಿದಿದೆಯೆಂದು ನೋಡಿ, ಈ ವರ್ಷ ಭತ್ತ ಕೂಡದು, ರಾಗಿಯೇ ಸಾಕೆಂದು ಊರವರು ತೀರ್ಮಾನ ಮಾಡಬಹುದಾಗಿತ್ತು. ನೆಲದಡಿಯ ನೀರನ್ನು ಕಂಡವರಾರು? ಪಕ್ಕದವನು ಐನೂರು ಅಡಿ ಕೊರೆಸಿದರೆ ನಾನು ಎಂಟುನೂರು, ಅವನು ಸಾವಿರ. ಈಗ ಸಾವಿರದ ಐನೂರು ಅಡಿಯ ಮಾತು ನಮ್ಮ ಸೀಮೆಯಲ್ಲಿ ಯಾರನ್ನೂ ಬೆರಗುಗೊಳಿಸದು. ನಮ್ಮ ನೆಲವು ಗಟ್ಟಿಕಲ್ಲಿನ ನೆಲ. ಮೇಲಣ ಮಣ್ಣಿನ ಪದರದಲ್ಲಿ ಮತ್ತು ಕಲ್ಲಿನ ಬಿರುಕುಗಳಲ್ಲಿ ಮಾತ್ರ ನೀರು ನಿಲ್ಲುವುದೇ ಹೊರತು, ಆಳಕ್ಕೆ ಹೋದಷ್ಟೂ ಸಮುದ್ರ ಸಿಕ್ಕುವುದೆಂಬುದು ಭ್ರಮೆ. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ ಈ ನಾಲ್ಕೂ ತಾಲ್ಲೂಕುಗಳನ್ನು, ಮಳೆಯಿಂದ ಇಂಗುವುದಕ್ಕಿಂತ ಹೆಚ್ಚಾಗಿ ಮೇಲೆತ್ತುವ ಪ್ರದೇಶಗಳ ಪಟ್ಟಿಗೆ ಕೇಂದ್ರ ಅಂತರ್ಜಲ ಮಂಡಲಿಯವರು ಸೇರಿಸುತ್ತ ಬಂದಿದ್ದಾರೆ. ಅಂತರ್ಜಲವನ್ನು ನಿಯಂತ್ರಿಸುವುದಕ್ಕೆ ೨೦೧೧ರಲ್ಲಿ ರಾಜ್ಯದಲ್ಲಿ ಕಾಯಿದೆಯೂ ಆಗಿದೆ. ಕೊರೆಯುವ ಯಂತ್ರದ ಲಾರಿಯು ರಾತ್ರಿಯಲ್ಲಿ ಬರುವುದನ್ನು ಆ ಕಾಯಿದೆಯು ತಡೆದಂತೆ ನಮಗೆ ಕಾಣುವುದಿಲ್ಲ.

ಸಾಲ ಮಾಡಿ ಮೂರನೆಯ ಕೊಳವೆಬಾವಿಯನ್ನು ಕೊರೆಸಿ ಬರಿಯ ಕಲ್ಲುಪುಡಿಯನ್ನು ಕಂಡ ರೈತನನ್ನು ನಾವು ನಿಂದಿಸಲಾರೆವು. ದ್ರಾಕ್ಷಿಯೂ ಚಕ್ಕೋತವೂ ಈ ಸೀಮೆಯ ಕೀರ್ತಿ; ಅವನ್ನು ಬೆಳೆಯುವವನು ಬದುಕಬೇಡವೇ? ಆದರೆ ಲೆಕ್ಕವಿಲ್ಲದ ಈ ಸ್ಪರ್ಧೆಯಲ್ಲಿ ಮೊದಲು ಸೋಲುವವರು ಯಾರೆಂಬುದನ್ನು ನೋಡಿರಿ. ಹಣವುಳ್ಳವನು ಇನ್ನೂ ಆಳಕ್ಕೆ ಹೋಗುತ್ತಾನೆ. ಇಲ್ಲದವನ ಮನೆಯ ಮಗಳು ಬಿಂದಿಗೆ ಹಿಡಿದು ನಿಲ್ಲುತ್ತಾಳೆ. ೨೦೧೯ರಲ್ಲಿ ಆರಂಭವಾದ ಜಲಜೀವನ ಮಿಷನ್ನಿನಿಂದ ಮನೆಮನೆಗೆ ಕೊಳಾಯಿಯನ್ನು ಹಾಕಿ ಒಬ್ಬೊಬ್ಬರಿಗೆ ದಿನಕ್ಕೆ ೫೫ ಲೀಟರು ನೀರು ಕೊಡಬೇಕೆಂದು ನಿಶ್ಚಯಿಸಿರುವುದು ಸ್ತುತ್ಯವೇ. ಕೊಳಾಯಿಯ ಇನ್ನೊಂದು ತುದಿಯಲ್ಲಿರುವುದು ಮಾತ್ರ ನಮ್ಮ ಹಳ್ಳಿಗಳಲ್ಲಿ ಅದೇ ಕೊಳವೆಬಾವಿ.

ಮಳೆಯೇ ಕಡಿಮೆಯಾಗಿರುವಾಗ ಏನು ಮಾಡುವುದೆಂದು ಕೇಳುವವರಿಗೆ ಹತ್ತಿರದ ಒಂದು ನಿದರ್ಶನವುಂಟು. ೨೦೨೧ರ ಅಕ್ಟೋಬರಿನಲ್ಲಿ ಒಂದು ರಾತ್ರಿ ಸುರಿದ ಮಳೆಗೆ ದೇವನಹಳ್ಳಿಯ ವಿಮಾನನಿಲ್ದಾಣದ ಮುಂದಣ ರಸ್ತೆಗಳು ಹೊಳೆಯಾಗಿ, ವಿಮಾನವನ್ನು ಹಿಡಿಯಬೇಕಾದವರು ಟ್ರ್ಯಾಕ್ಟರುಗಳನ್ನು ಹತ್ತಿ ಹೋದರು. ಎರಡೇ ವರ್ಷಗಳ ತರುವಾಯ, ೨೦೨೩ರಲ್ಲಿ, ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸಾರಬೇಕಾಯಿತು. ೨೦೨೪ರ ಬೇಸಗೆಯಲ್ಲಿ ಬೆಂಗಳೂರಿನ ಕೊಳವೆಬಾವಿಗಳು ಸಾವಿರಗಟ್ಟಲೆ ಬತ್ತಿ, ಕುಡಿಯುವ ನೀರಿನಲ್ಲಿ ಮೋಟಾರು ತೊಳೆದವರಿಗೆ ೫,೦೦೦ ರೂಪಾಯಿ ದಂಡವೆಂದು ಆಜ್ಞೆಯಾಯಿತು. ಒಂದು ವರ್ಷ ಮುಳುಗುವುದು, ಮತ್ತೊಂದು ವರ್ಷ ಬಾಯಾರುವುದು. ಮಳೆಯು ಹೀಗೆ ಏರಿಳಿಯುವುದು ಭೂಮಿಯು ಬಿಸಿಯಾಗುತ್ತಿರುವುದರಿಂದ ಇನ್ನೂ ಹೆಚ್ಚುವುದೆಂದು ವಿಜ್ಞಾನಿಗಳು ಹೇಳುತ್ತಾರೆ. ಅದನ್ನು ಕುಂದಾಣದಲ್ಲಿ ಕುಳಿತು ನಾವು ತಡೆಯಲಾರೆವು. ಮುಳುಗಿಸಿದ ನೀರನ್ನು ಬಾಯಾರುವ ವರ್ಷಕ್ಕೆ ಇಟ್ಟುಕೊಳ್ಳುವ ಪಾತ್ರೆಯನ್ನು ಮುಚ್ಚಿದ್ದು ಮಾತ್ರ ನಮ್ಮ ಕೈಯೇ. ಕೆರೆಗೆ ನೀರು ತರುವ ರಾಜಕಾಲುವೆಯ ಮೇಲೆ ನಿವೇಶನಗಳನ್ನು ಗುರುತು ಹಾಕಿದರು. ದಿಣ್ಣೆಗಳ ಮೇಲೆಲ್ಲ ನೀಲಗಿರಿಯನ್ನು ನೆಟ್ಟರು. ನೀಲಗಿರಿಯನ್ನು ಹೊಸದಾಗಿ ನೆಡಕೂಡದೆಂದು ೨೦೧೭ರಲ್ಲಿ ಸರಕಾರವು ಆಜ್ಞೆ ಮಾಡುವಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು.

ಲೆಕ್ಕವೆಂದೆವಷ್ಟೆ, ನಮ್ಮ ಶಾಲೆಯ ಏಳನೆಯ ತರಗತಿಯ ಬಾಲಿಕೆಯೂ ಮಾಡಬಹುದಾದ ಲೆಕ್ಕವೊಂದನ್ನು ಇಲ್ಲಿ ಕೊಡುತ್ತೇವೆ. ಈ ಸೀಮೆಯಲ್ಲಿ ವರ್ಷಕ್ಕೆ ಸರಾಸರಿ ಸುಮಾರು ೮೦೦ ಮಿಲಿಮೀಟರು ಮಳೆ. ಒಂದು ಎಕರೆ ಹೊಲದ ಮೇಲೆ ಬೀಳುವ ನೀರು ಹೆಚ್ಚುಕಡಿಮೆ ೩೨ ಲಕ್ಷ ಲೀಟರು. ಸಾವಿರ ಚದರಡಿಯ ತಾರಸಿಯ ಮೇಲೆ ಬೀಳುವುದು ೭೦,೦೦೦ ಲೀಟರಿಗೆ ಮೇಲೆ. ಒಬ್ಬರಿಗೆ ೫೫ ಲೀಟರಿನಂತೆ ಐದು ಮಂದಿಯ ಸಂಸಾರಕ್ಕೆ ಇದು ಎಂಟು ತಿಂಗಳ ನೀರು. ಎಲ್ಲವನ್ನೂ ಹಿಡಿಯಲಾಗದು, ಒಪ್ಪತಕ್ಕದ್ದೇ; ಅರ್ಧವನ್ನು ಹಿಡಿದರೂ ಮಾಘದಿಂದ ವೈಶಾಖದವರೆಗೆ ಟ್ಯಾಂಕರಿನ ದಾರಿ ನೋಡಬೇಕಾಗಿಲ್ಲ.

ದೊಡ್ಡ ಯೋಜನೆಗಳು ಬರುತ್ತಿವೆಯಲ್ಲಾ ಎಂದು ತಂದೆಯಂದಿರು ಹೇಳುತ್ತಾರೆ. ಎತ್ತಿನಹೊಳೆಯ ೨೪ ಟಿ.ಎಂ.ಸಿ. ನೀರನ್ನು ಘಟ್ಟದಿಂದ ಇತ್ತ ತಿರುಗಿಸುವ ಯೋಜನೆಗೆ ೨೦೧೪ರಲ್ಲಿ ಅಡಿಗಲ್ಲು ಹಾಕಿದರು. ಮೊದಲ ಹಂತದ ಪಂಪುಗಳು ತಿರುಗಿದ್ದು ೨೦೨೪ರಲ್ಲಿ. ಪಶ್ಚಿಮದ ಹೊಳೆಯವರಿಗೆ ಅದರಿಂದಾಗುವ ನಷ್ಟದ ಮಾತು ಬೇರೆಯೇ ಇದೆ. ಬೆಂಗಳೂರಿನ ಕೊಳಚೆಯನ್ನು ಶುದ್ಧಿಮಾಡಿ ಕೆರೆಗಳಿಗೆ ತುಂಬುವ ಕೆಲಸವು ೨೦೧೮ರಲ್ಲಿ ಕೋಲಾರದಲ್ಲಿ ಆರಂಭವಾಗಿ, ತರುವಾಯ ಹೆಬ್ಬಾಳ ನಾಗವಾರದ ಕಣಿವೆಯಿಂದ ನಮ್ಮ ಕಡೆಗೂ ಬಂದಿದೆ. ಬತ್ತಿದ ಬಾವಿಗಳಲ್ಲಿ ನೀರು ಏರಿದೆಯೆಂದು ಕೋಲಾರದ ರೈತರು ಸಂತೋಷಪಡುತ್ತಾರೆ. ಎರಡೇ ಹಂತದ ಶುದ್ಧಿ ಸಾಲದು, ಮೂರನೆಯದೂ ಆಗಲೇಬೇಕೆಂದು ಅವರಲ್ಲಿಯೇ ಅನೇಕರು ಹೋರಾಡಿದ್ದಾರೆ. ಎರಡು ಮಾತೂ ನಿಜವೆಂದು ನಮಗೆ ತೋರುತ್ತದೆ. ಯಾವ ಯೋಜನೆಯ ನೀರೇ ಆಗಲಿ ಬಂದು ನಿಲ್ಲಬೇಕಾದದ್ದು ಕೆರೆಯಲ್ಲಿ. ಏರಿ ಒಡೆದು, ಕಾಲುವೆ ಮುಚ್ಚಿ, ಕಾಯುವವನಿಲ್ಲದ ಕೆರೆಗೆ ಎಲ್ಲಿಂದ ನೀರು ತಂದು ಹೊಯ್ದರೇನು?

ಇದು ನಮ್ಮೊಬ್ಬರ ಕಷ್ಟವಲ್ಲ. ಮರುಭೂಮೀಕರಣವನ್ನೂ ಅನಾವೃಷ್ಟಿಯನ್ನೂ ಎದುರಿಸುವುದಕ್ಕೆ ರಾಷ್ಟ್ರಗಳು ೧೯೯೪ರಲ್ಲಿಯೇ ಒಡಂಬಡಿಕೆ ಮಾಡಿಕೊಂಡು, ಜೂನ್ ೧೭ನ್ನು ಅದರ ದಿನವೆಂದು ಆಚರಿಸುತ್ತವೆ. ೨೦೧೮ರಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನ್ ಎಂಬ ಐಶ್ವರ್ಯವಂತ ನಗರದಲ್ಲಿ ಕೊಳಾಯಿಗಳೆಲ್ಲ ನಿಲ್ಲುವ ದಿನವನ್ನು ಎಣಿಸುವ ಸ್ಥಿತಿ ಬಂದು, ಒಬ್ಬರಿಗೆ ದಿನಕ್ಕೆ ೫೦ ಲೀಟರು ಮಾತ್ರವೆಂದು ಕಟ್ಟುಮಾಡಿದರು. ಮೂರು ನಾಲ್ಕು ಬಿಂದಿಗೆ! ನಮ್ಮ ತಾಯಂದಿರಲ್ಲಿ ಕೆಲವರು ಇದನ್ನು ಕೇಳಿ ನಕ್ಕಾರು. ಆದರೂ ಆ ನಗರವು ಆ ದಿನವನ್ನು ತಪ್ಪಿಸಿಕೊಂಡದ್ದು, ಉಳ್ಳವರೂ ಇಲ್ಲದವರೂ ಒಂದೇ ಲೆಕ್ಕಕ್ಕೆ ಒಳಪಟ್ಟದ್ದರಿಂದ ಮತ್ತು ಆ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಪ್ರಕಟಿಸಿದ್ದರಿಂದ. ಬುರ್ಕಿನಾ ಫಾಸೋ ಎಂಬ ಬಡದೇಶದ ಯಾಕೂಬಾ ಸವಾದೋಗೊ ಎಂಬ ರೈತನು ಬರಡು ನೆಲದಲ್ಲಿ ಚಿಕ್ಕಚಿಕ್ಕ ಗುಂಡಿಗಳನ್ನು ತೋಡಿ, ಗೊಬ್ಬರ ಹಾಕಿ, ಬಿದ್ದ ಹನಿಯನ್ನು ಅಲ್ಲಿಯೇ ಹಿಡಿದು ಕಾಡನ್ನೇ ಬೆಳೆಸಿದನು. ೨೦೨೩ರಲ್ಲಿ ಅವನು ತೀರಿಕೊಂಡಾಗ ಲೋಕವೆಲ್ಲ ಅವನನ್ನು ನೆನೆಯಿತು. ನಮ್ಮ ಮಂಡ್ಯ ಜಿಲ್ಲೆಯ ದಾಸನದೊಡ್ಡಿಯಲ್ಲಿ ಕುರಿ ಕಾಯುತ್ತಿದ್ದ ಕಾಮೇಗೌಡರೂ ಬೆಟ್ಟದ ಮೇಲೆ ಕಟ್ಟೆಗಳನ್ನು ತೋಡುತ್ತ ಆಯುಷ್ಯವನ್ನು ಸವೆಸಿ ೨೦೨೨ರಲ್ಲಿ ಗತಿಸಿದರು. ಒಬ್ಬೊಬ್ಬರ ಇಂತಹ ಶ್ರಮವನ್ನು ನಾವು ಮನಃಪೂರ್ವಕವಾಗಿ ಗೌರವಿಸುತ್ತೇವೆ. ಆದರೆ ಊರಿನ ಕೆಲಸವನ್ನು ಒಬ್ಬನ ತಲೆಗೆ ಬಿಟ್ಟು ಅವನಿಗೆ ಹಾರ ಹಾಕುವುದು ಉಳಿದವರಿಗೆ ಶೋಭೆಯಲ್ಲ.

ಹೀಗಿರುವುದರಿಂದ ನಮ್ಮ ಅಭಿಪ್ರಾಯದಲ್ಲಿ ಪ್ರತಿ ಊರಿನಲ್ಲಿಯೂ ನೀರಿನ ಲೆಕ್ಕವನ್ನು ಬರೆದು ಗ್ರಾಮಸಭೆಯಲ್ಲಿ ಓದತಕ್ಕದ್ದು. ಮಳೆ ಎಷ್ಟು ಬಿತ್ತು, ಕೆರೆಯಲ್ಲಿ ಎಷ್ಟು ನಿಂತಿತು, ಕೊಳವೆಬಾವಿಗಳೆಷ್ಟು, ಯಾವ ಬಾವಿಯಲ್ಲಿ ನೀರು ಎಷ್ಟು ಅಡಿಗೆ ಇಳಿಯಿತು. ನೀರುಗಂಟಿಗೆ ಮೊದಲಿನಂತೆ ನಿಗದಿಯಾದ ಸಂಬಳವಿರಬೇಕು. ಆ ಕೆಲಸವು ಒಂದು ಜಾತಿಯ ಪಾಲಿನದೆಂಬ ಹಳೆಯ ಕಟ್ಟು ಮಾತ್ರ ಕೂಡದು. ಈ ಲೆಕ್ಕವನ್ನು ಇಡತಕ್ಕವರು ಹೆಂಗಸರೇ ಆಗಬೇಕೆಂದು ನಾವು ಒತ್ತಿ ಹೇಳುತ್ತೇವೆ. ನೀರು ಹೊರುವವರು ಅವರೇ ಆಗಿರುವಾಗ ನೀರಿನ ಸಂಗತಿಯನ್ನು ತೀರ್ಮಾನಿಸುವ ಚಾವಡಿಯಲ್ಲಿ ಅವರು ಬಾಗಿಲ ಹೊರಗೆ ನಿಂತಿರುವುದು ಎಲ್ಲಿಯ ನ್ಯಾಯ? ನಮ್ಮ ಶಾಲೆಯಲ್ಲಿ ಓದಿದ ಸೋದರಿಯರಲ್ಲಿ ಪಂಚಾಯಿತಿಯ ಸದಸ್ಯೆಯರುಂಟು, ಉಪಾಧ್ಯಾಯಿನಿಯರುಂಟು, ಸಂಘಗಳ ಹಣಕಾಸನ್ನು ಕಾಸಿಗೆ ಕಾಸು ತಪ್ಪದಂತೆ ಬರೆಯುವವರುಂಟು. ಈ ಕೆಲಸವು ಅವರಿಗೆ ಭಾರವಾಗದು.

ತಂದೆತಾಯಿಗಳಲ್ಲಿ ಒಂದು ವಿನಂತಿ, ಸ್ವಲ್ಪ ಕಟುವಾಗಿ ಕಂಡರೂ ಕ್ಷಮಿಸಬೇಕು. ಮಗಳ ಮದುವೆಗೆಂದು ಹೊಲ ಮಾರುವಾಗಲೂ, ಮಗನಿಗೆಂದು ನಿವೇಶನ ಕೊಳ್ಳುವಾಗಲೂ, ಊರಿನ ಹಳೆಯ ಸರ್ವೆ ನಕ್ಷೆಯನ್ನು ತರಿಸಿ ಅದರೊಳಗೆ ಕೆರೆಯ ಅಂಗಳವೂ ಕಾಲುವೆಯೂ ಎಲ್ಲಿ ಹಾಯುತ್ತವೆಯೆಂದು ನೋಡಿರಿ. ಕಾಲುವೆಯ ಮೇಲಿನ ಮನೆಯು ಅಗ್ಗವಾಗಿ ಸಿಕ್ಕುವುದು. ಮಳೆಗಾಲದಲ್ಲಿ ನೀರು ತನ್ನ ಹಾದಿಯನ್ನು ಹುಡುಕಿಕೊಂಡು ನಡುಮನೆಗೆ ಬರುವುದು. ಮತ್ತೊಂದು ಮಾತು: ನೀರು ಬಾರದ ದಿನ ಮಗಳನ್ನು ನಿಲ್ಲಿಸಿಕೊಳ್ಳುವುದಕ್ಕೆ ಮೊದಲು ಮಗನನ್ನೂ ಒಂದು ದಿನ ನಿಲ್ಲಿಸಿ ನೋಡಿರಿ. ಕೊಳಾಯಿ ಎಷ್ಟು ಬೇಗನೆ ದುರಸ್ತಿಯಾಗುವುದೋ ನೋಡೋಣ.

ಈ ವರ್ಷ ಎಂಟು ಮತ್ತು ಒಂಬತ್ತನೆಯ ತರಗತಿಗಳ ಬಾಲಿಕೆಯರು ತಂತಮ್ಮ ಊರಿನ ಕೆರೆ, ಕುಂಟೆ, ಕಲ್ಯಾಣಿ, ಗೋಕಟ್ಟೆಗಳ ನಕ್ಷೆಯನ್ನು ಬರೆಯುವ ಕೆಲಸವನ್ನು ಕೈಗೊಂಡಿದ್ದಾರೆ. ಕೆಲವು ಕುಂಟೆಗಳ ಹೆಸರು ಮಾತ್ರ ಸಿಕ್ಕಿ ಜಾಗವು ಸಿಕ್ಕಿಲ್ಲ. ಕೆಲವಕ್ಕೆ ಜಾಗವಿದ್ದು ಹೆಸರು ಹೇಳುವವರಿಲ್ಲ. ಹಳೆಯ ವಿದ್ಯಾರ್ಥಿನಿಯರು ತಮ್ಮ ಬಾಲ್ಯದಲ್ಲಿ ಬಟ್ಟೆ ಒಗೆದ, ದನ ಕುಡಿಸಿದ, ಈಜು ಕಲಿತ ನೀರಿನ ಹೆಸರನ್ನೂ, ಅದು ಇದ್ದ ಸ್ಥಳವನ್ನೂ ಒಂದು ಕಾಗದದಲ್ಲಿ ಬರೆದು ಶಾಲೆಯ ಕಚೇರಿಗೆ ಕಳುಹಿಸಿಕೊಡಬೇಕಾಗಿ ಕೋರುತ್ತೇವೆ. ಊರಿನ ಹೆಸರು ಸ್ಪಷ್ಟವಾಗಿರಲಿ. ಕುಂದಾಣದ ಸುತ್ತ ಒಂದೇ ಹೆಸರಿನ ಹಳ್ಳಿಗಳು ಎರಡೆರಡಿವೆ.